ಮಂಡೆಬಿಸಿಗೆ ಒಂದು ನೋಟ್‌ಬುಕ್, ಒಂದು ಎಕ್ಸ್‌ಪ್ರೆಸ್ ಬಸ್ಸು

ನಮ್ಮ ಊರಲ್ಲಿ ‘ನನಗೆ ಆತಂಕದ ತೊಂದರೆ ಇದೆ’ ಎಂದು ಯಾರೂ ಹೇಳುವುದಿಲ್ಲ. ‘ಸ್ವಲ್ಪ ಮಂಡೆಬಿಸಿ ಮಾರಾಯ್ರೆ’ ಎನ್ನುತ್ತಾರೆ, ಅಷ್ಟೆ. ಸಾಲದ ಕಂತು ಬಾಕಿಯಾದರೂ ಮಂಡೆಬಿಸಿ, ಮಗಳಿಗೆ ಸಂಬಂಧ ಕೂಡಿ ಬರದಿದ್ದರೂ ಮಂಡೆಬಿಸಿ, ಮೂರು ತಿಂಗಳಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೂ ಮಂಡೆಬಿಸಿ. ಕೇಳಿದವರು ಕೊಡುವ ಮದ್ದೂ ಒಂದೇ: ‘ಸುಮ್ನೆ ಎಂತಕ್ಕೆ ಯೋಚನೆ ಮಾಡುವುದು? ಬಿಟ್ಟುಬಿಡಿ.’

ಬಿಡಲು ಆಗುತ್ತಿದ್ದರೆ ಯಾವತ್ತೋ ಬಿಡುತ್ತಿದ್ದೆವು, ಅಲ್ವಾ?

ನನ್ನದು ಶುರುವಾದದ್ದು ಕೂಳೂರು ಸೇತುವೆಯ ಮೇಲೆ. ಜುಲೈ ತಿಂಗಳು, ಸಂಜೆ ಆರು ಗಂಟೆ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಡುಪಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸು. ಮಳೆಗೆ ಶಟರ್ ಎಲ್ಲ ಇಳಿಸಿದ್ದರು. ಒಳಗೆ ಒದ್ದೆ ಕೊಡೆಗಳ ವಾಸನೆ, ನಿಂತವರೊಬ್ಬರ ಬ್ಯಾಗು ನನ್ನ ಭುಜದ ಮೇಲೆ. ಬಸ್ಸು ಬ್ಲಾಕಿನಲ್ಲಿ ಸಿಕ್ಕಿ ನಿಂತಿತು. ಒಮ್ಮೆಲೇ ಎದೆ ಡಬಡಬ ಎನ್ನತೊಡಗಿತು. ಬೆರಳ ತುದಿ ಜೋಮು ಹಿಡಿಯಿತು. ‘ಹಾರ್ಟ್ ಅಟ್ಯಾಕ್, ಇಲ್ಲೇ ಮುಗಿಯಿತು’ ಅನಿಸಿತು. ನೂಕಿಕೊಂಡು ಮಳೆಯಲ್ಲೇ ಇಳಿದುಬಿಟ್ಟೆ. ಇಳಿದ ಹತ್ತು ನಿಮಿಷಕ್ಕೆ ಎಲ್ಲ ಸರಿ. ಆ ರಾತ್ರಿ ಮಾಡಿಸಿದ ಇಸಿಜಿಯೂ ಸರಿ. ಆದರೆ ಮುಂದಿನ ಒಂಬತ್ತು ತಿಂಗಳು ನಾನು ಬಸ್ಸು ಹತ್ತಲಿಲ್ಲ.

ಮತ್ತೆ ಹತ್ತಿಸಿದ್ದು ಸಿಬಿಟಿ. ಪೂರ್ತಿ ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಯೋಚನೆ ಮತ್ತು ನಡವಳಿಕೆ ಎರಡನ್ನೂ ಹಿಡಿದು ಮಾಡುವ ಮಾತಿನ ಚಿಕಿತ್ಸೆ. ನಾನು ಡಾಕ್ಟರ್ ಅಲ್ಲ, ಆ ಕಡೆಯ ಕುರ್ಚಿಯಲ್ಲಿ ಕೂತವನು. ಕಲಿತದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಶುರು ಮಾಡುವ ಮೊದಲು

ದೇಹದ ತಪಾಸಣೆ ಒಮ್ಮೆ ಆಗಲಿ. ಥೈರಾಯ್ಡ್ ಜಾಸ್ತಿಯಾದರೂ ಎದೆ ಬಡಿತ ಹೆಚ್ಚುತ್ತದೆ, ರಕ್ತ ಕಡಿಮೆಯಾದರೂ ಸುಸ್ತು. ಮೊದಲ ಸಲ ಎದೆನೋವು ಬಂದಾಗ ‘ಇದು ಮಂಡೆಬಿಸಿ’ ಎಂದು ನೀವೇ ತೀರ್ಮಾನ ಮಾಡಬೇಡಿ, ಆಸ್ಪತ್ರೆಗೆ ಹೋಗಿ. ಒಮ್ಮೆ ತೋರಿಸಿ ಸರಿ ಇದೆ ಎಂದ ಮೇಲೆ ಏಳನೇ ಇಸಿಜಿ ಮಾಡಿಸುವುದು ಬೇರೆ ವಿಷಯ. ಅದು ಕಾಯಿಲೆಯ ಭಾಗವೇ. ನಾನು ನಾಲ್ಕು ಮಾಡಿಸಿದ್ದೆ.

ಇನ್ನೊಂದು ಮಾತು. ಸಾಯಬೇಕು ಅನಿಸುತ್ತಿದ್ದರೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆ ಇಲ್ಲದಿದ್ದರೆ, ಕುಡಿತ ಕೈಮೀರಿದ್ದರೆ ಈ ಲೇಖನವನ್ನು ಇಲ್ಲೇ ಬಿಟ್ಟು 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಎದುರಿಗೇ ಇದ್ದರೆ 112, ಅಥವಾ ಹತ್ತಿರದ ಆಸ್ಪತ್ರೆಯ ಕ್ಯಾಷುವಾಲಿಟಿ.

ಹೆಜ್ಜೆ 1: ಒಂದು ವಾರ ಬರೀ ಬರೆಯಿರಿ

ಏನನ್ನೂ ಸರಿಮಾಡಲು ಹೋಗಬೇಡಿ. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಮೊಬೈಲ್‌ನಲ್ಲೂ ಬರೆಯಬಹುದು, ಆದರೆ ಅಲ್ಲಿ ಬರೆಯಲು ಹೋಗಿ ರೀಲ್ಸ್ ನೋಡುತ್ತಾ ಕೂರುತ್ತೀರಿ.

ಮಂಡೆ ಬಿಸಿಯಾದಾಗಲೆಲ್ಲ ಐದು ವಿಷಯ ಬರೆಯಿರಿ. ಎಲ್ಲಿದ್ದೆ, ಏನಾಯಿತು. ಮನಸ್ಸಿಗೆ ಬಂದ ಮಾತು ಯಾವುದು. ಯಾವ ಭಾವನೆ, ನೂರಕ್ಕೆ ಎಷ್ಟು. ದೇಹದಲ್ಲಿ ಏನಾಯಿತು. ಆಮೇಲೆ ನಾನು ಏನು ಮಾಡಿದೆ.

ಎರಡನೆಯದು ಕಷ್ಟ. ‘ನನಗೆ ಯಾವ ಯೋಚನೆಯೂ ಬರಲಿಲ್ಲ, ಸುಮ್ನೆ ಹೆದರಿಕೆಯಾಯಿತು’ ಎಂದು ನಾನೂ ಹೇಳಿದ್ದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಜೊತೆ ಕೆಲಸ ಮಾಡುತ್ತಾ ಗಮನಿಸಿದ್ದು ಇದನ್ನೇ. ಸನ್ನಿವೇಶಕ್ಕೂ ಭಾವನೆಗೂ ನಡುವೆ ಒಂದು ಪುಟ್ಟ ಮಾತು ಮಿಂಚಿನ ಹಾಗೆ ಬಂದು ಹೋಗುತ್ತದೆ. ಬಂದದ್ದೇ ಗೊತ್ತಾಗುವುದಿಲ್ಲ, ಕೆಲಸ ಮಾತ್ರ ಮಾಡಿ ಹೋಗಿರುತ್ತದೆ. ಅದಕ್ಕೆ ತಾನಾಗಿ ಬರುವ ಯೋಚನೆ ಎಂದು ಹೆಸರು. ನ್ಯೂಯಾರ್ಕಿನಲ್ಲಿ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲೇ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದ್ದರು. ಬೆಕ್ ತೀರಿಕೊಂಡದ್ದು 2021ರಲ್ಲಿ, ನೂರು ತುಂಬಿದ ಮೇಲೆ.

ಆ ಮಾತನ್ನು ಹಿಡಿಯಲು ಒಂದು ಉಪಾಯ: ‘ಆ ಹೊತ್ತಿಗೆ ಏನಾಗಿಬಿಡುತ್ತದೆ ಎಂದು ಹೆದರಿದೆ?’ ಎಂದು ಕೇಳಿಕೊಳ್ಳಿ. ಉತ್ತರ ನಿಮ್ಮ ಮನೆಮಾತಿನಲ್ಲೇ ಬರಲಿ. ತುಳು, ಕೊಂಕಣಿ, ಬ್ಯಾರಿ, ಯಾವುದಾದರೂ ಸರಿ. ನಾನು ಮೊದಲ ಮೂರು ದಿನ ಅಚ್ಚುಕಟ್ಟು ಕನ್ನಡದಲ್ಲಿ ಬರೆದೆ, ಏನೂ ಸಿಕ್ಕಲಿಲ್ಲ. ನಾಲ್ಕನೇ ದಿನ ತುಳುವಿನಲ್ಲಿ ಬರೆದೆ, ಕೈ ನಡುಗಿತು.

ಹೆಜ್ಜೆ 2: ಸುತ್ತು ಬಿಡಿಸಿ

ವಾರದ ಕೊನೆಗೆ ನೋಟ್‌ಬುಕ್ ತೆರೆದು, ಐದನ್ನೂ ಬಾಣ ಹಾಕಿ ವೃತ್ತದ ಹಾಗೆ ಜೋಡಿಸಿ. ನನ್ನದು ಹೀಗಿತ್ತು: ಬಸ್ಸು ನಿಂತಿತು, ಎದೆ ಸ್ವಲ್ಪ ಬಡಿಯಿತು, ‘ಅಟ್ಯಾಕ್’ ಎಂಬ ಯೋಚನೆ, ಅದರಿಂದ ಹೆದರಿಕೆ, ಹೆದರಿಕೆಗೆ ಎದೆ ಇನ್ನೂ ಜೋರು, ಇಳಿದು ಓಟ. ಇಳಿದಾಗ ಹಾಯೆನಿಸಿತು. ಆ ಹಾಯೆನಿಸಿದ್ದೇ ಮೋಸ. ‘ಇಳಿದದ್ದಕ್ಕೆ ಬದುಕಿದೆ’ ಎಂದು ಮಂಡೆ ಪಾಠ ಕಲಿತುಬಿಟ್ಟಿತು. ಇಳಿಯದಿದ್ದರೂ ಬದುಕುತ್ತಿದ್ದೆ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗಲಿಲ್ಲ.

ಜೋಮು ಯಾಕೆ? ಹೆದರಿದಾಗ ಉಸಿರು ಬೇಗ ಬೇಗ ಎಳೆಯುತ್ತೇವೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಅಪಾಯವಿಲ್ಲ. ಇಂಥ ಹೆದರಿಕೆಯ ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಮೇಲೆಯೇ ನಿಲ್ಲುವಷ್ಟು ಶಕ್ತಿ ದೇಹಕ್ಕಿಲ್ಲ.

ಹೆಜ್ಜೆ 3: ಯೋಚನೆಯನ್ನು ಕೂರಿಸಿ ವಿಚಾರಿಸಿ

ಜನ ಹೆಚ್ಚು ತಪ್ಪುವುದು ಇಲ್ಲಿ. ‘ಎಲ್ಲ ಒಳ್ಳೆಯದಾಗುತ್ತದೆ’ ಎಂದು ನೂರು ಸಲ ಹೇಳಿಕೊಳ್ಳುವುದು ಸಿಬಿಟಿ ಅಲ್ಲ. ಹಾಗೆ ಹೇಳಿಕೊಂಡರೆ ಮಂಡೆ ನಂಬುವುದೂ ಇಲ್ಲ. ಕೇಳಬೇಕಾದದ್ದು: ಇದು ನಿಜವಾ? ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ?

ನಮ್ಮ ಪಕ್ಕದ ಮನೆಯ ಅಮ್ಮನ ಮಗ ದುಬೈಯಲ್ಲಿದ್ದಾನೆ. ರಾತ್ರಿ ಒಂಬತ್ತಕ್ಕೆ ಫೋನ್ ಬರಬೇಕು. ಒಂಬತ್ತೂ ಹತ್ತಕ್ಕೆ ಬರದಿದ್ದರೆ ಅವರ ಕೈಕಾಲು ತಣ್ಣಗೆ. ಒಂದು ದಿನ ನಾವಿಬ್ಬರೂ ಜಗಲಿಯಲ್ಲಿ ಕೂತು ಅವರ ಮೊಮ್ಮಗಳ ಹಳೆಯ ಪುಸ್ತಕದ ಹಿಂದೆ ಬರೆದೆವು.

ಬಂದ ಮಾತು: ‘ಅವನಿಗೆ ಆಕ್ಸಿಡೆಂಟ್ ಆಗಿದೆ.’ ನಂಬಿಕೆ: ನೂರಕ್ಕೆ 85.

ಪರವಾಗಿ: ಫೋನ್ ಬಂದಿಲ್ಲ. ಅವನು ಡ್ರೈವಿಂಗ್ ಮಾಡುತ್ತಾನೆ.

ವಿರುದ್ಧವಾಗಿ: ಹೋದ ತಿಂಗಳು ಮೂರು ಸಲ ತಡವಾಗಿತ್ತು, ಮೂರು ಸಲವೂ ಓವರ್‌ಟೈಮ್. ಇಲ್ಲಿ ಒಂಬತ್ತು ಎಂದರೆ ಅಲ್ಲಿ ಏಳೂವರೆ, ಕೆಲಸದಿಂದ ವಾಪಸ್ ಬರುವ ಹೊತ್ತು. ಏನಾದರೂ ಆದರೆ ತಿಳಿಸಲು ರೂಮಿನಲ್ಲಿ ಊರಿನವರೇ ಮೂವರಿದ್ದಾರೆ.

ಹಾಗಾದರೆ ಇನ್ನೊಂದು ಮಾತು: ‘ಹೆಚ್ಚಾಗಿ ದಾರಿಯಲ್ಲಿರಬೇಕು. ಹತ್ತೂವರೆವರೆಗೂ ಬಾರದಿದ್ದರೆ ರೂಮಿನ ಹುಡುಗನಿಗೆ ಫೋನ್ ಮಾಡುವುದು.’ ಈಗ ಹಳೆಯ ನಂಬಿಕೆ ಎಷ್ಟು? ‘ಒಂದು 40 ಹಾಕು’ ಎಂದರು.

ನಲವತ್ತು. ಸೊನ್ನೆ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ‘ನಾನು ಬರೆದೆ, ಆದರೂ ಹೆದರಿಕೆ ಹೋಗಲಿಲ್ಲ’ ಎಂದು ಎಷ್ಟೋ ಮಂದಿ ಮೊದಲ ವಾರಕ್ಕೇ ಪುಸ್ತಕ ಮುಚ್ಚುತ್ತಾರೆ. 85 ಇದ್ದದ್ದು 40 ಆದರೆ ಊಟ ಸೇರುತ್ತದೆ. ಅಷ್ಟು ಸಾಕು.

ಬರೆಯುತ್ತಾ ಹೋದ ಹಾಗೆ ನಿಮ್ಮ ಮಂಡೆಯ ಚಾಳಿ ಗೊತ್ತಾಗುತ್ತದೆ. ಕೆಲವರದು ಗುಡ್ಡ ಮಾಡುವ ಮಂಡೆ: ಪಿಯುಸಿಯಲ್ಲಿ ಎರಡು ಮಾರ್ಕ್ ಕಡಿಮೆಯಾದರೆ ಜೀವನವೇ ಮುಗಿಯಿತು. ಕೆಲವರದು ಎದುರಿನವರ ಮನಸ್ಸು ಓದುವ ಮಂಡೆ: ಮದುವೆ ಹಾಲ್‌ನಲ್ಲಿ ಅವರು ನಗದೆ ಹೋದದ್ದು ನನ್ನ ಮೇಲಿನ ಸಿಟ್ಟಿಗೇ. ಕೆಲವರದು ‘ಇದ್ದರೆ ಪೂರ್ತಿ, ಇಲ್ಲದಿದ್ದರೆ ಬೇಡವೇ ಬೇಡ’. ಚಾಳಿಗೆ ಒಂದು ಅಡ್ಡಹೆಸರು ಇಟ್ಟುಕೊಂಡರೆ ಮುಂದಿನ ಸಲ ಬೇಗ ಗುರುತು ಸಿಗುತ್ತದೆ. ನನ್ನದಕ್ಕೆ ನಾನಿಟ್ಟ ಹೆಸರು ‘ಶಟರ್’. ಬಿದ್ದರೆ ಹೊರಗಿನದ್ದೇನೂ ಕಾಣುವುದಿಲ್ಲ.

ಒಂದು ಎಚ್ಚರಿಕೆ. ಯೋಚನೆ ನಿಜವೇ ಆಗಿದ್ದರೆ? ಸಾಲ ನಿಜವಾಗಿಯೂ ಇದೆ, ಗಂಡ ನಿಜವಾಗಿಯೂ ಹೊಡೆಯುತ್ತಾನೆ. ಆಗ ಯೋಚನೆಯನ್ನು ತಿದ್ದುತ್ತಾ ಕೂರುವುದು ತಪ್ಪು. ಸಾಲಕ್ಕೆ ಬ್ಯಾಂಕ್, ಹೊಡೆತಕ್ಕೆ 181 ಮಹಿಳಾ ಸಹಾಯವಾಣಿ. ಒಳ್ಳೆಯ ಥೆರಪಿಸ್ಟ್ ಇದನ್ನು ಮೊದಲೇ ಬೇರೆ ಮಾಡುತ್ತಾರೆ.

ಹೆಜ್ಜೆ 4: ಏಣಿ ಕಟ್ಟಿ

ಬರೆದದ್ದರಿಂದ ನನಗೆ ಅರ್ಧ ದಾರಿ ಸಾಗಿತು. ಉಳಿದರ್ಧಕ್ಕೆ ಬಸ್ಸೇ ಬೇಕಾಯಿತು. ‘ಬಸ್ಸಿನಲ್ಲಿ ಸಾಯುವುದಿಲ್ಲ’ ಎಂದು ಮನೆಯಲ್ಲಿ ಕೂತು ಎಷ್ಟು ಬರೆದರೂ ಅದು ಕಾಗದ. ಮಂಡೆ ನಂಬುವುದು ಕಾಲು ಹೋಗಿ ಬಂದ ಜಾಗವನ್ನು.

ಹೆದರಿಕೆಯ ಜಾಗಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು, ಪ್ರತಿಯೊಂದಕ್ಕೂ ನೂರಕ್ಕೆ ಅಂಕ ಕೊಡಿ. ನನ್ನ ಏಣಿ:

- ಸ್ಟೇಟ್‌ಬ್ಯಾಂಕ್‌ನಲ್ಲಿ ನಿಂತ ಬಸ್ಸಿನೊಳಗೆ ಐದು ನಿಮಿಷ ಕೂತು ಇಳಿಯುವುದು: 25
- ಸಿಟಿ ಬಸ್ಸಿನಲ್ಲಿ ಜ್ಯೋತಿವರೆಗೆ, ಬಾಗಿಲ ಪಕ್ಕ: 35
- ಲಾಲ್‌ಬಾಗ್‌ವರೆಗೆ, ನಡುವಿನ ಸೀಟು: 45
- ಕೊಟ್ಟಾರ ಚೌಕಿವರೆಗೆ, ರಶ್ ಹೊತ್ತಿನಲ್ಲಿ: 60
- ಕೂಳೂರು ಸೇತುವೆ ದಾಟಿ ಸುರತ್ಕಲ್, ಭಾನುವಾರ: 70
- ಅದೇ ದಾರಿ, ಸಂಜೆ ಆರಕ್ಕೆ: 85
- ಉಡುಪಿ ಎಕ್ಸ್‌ಪ್ರೆಸ್, ಮಳೆ, ಶಟರ್ ಇಳಿಸಿ: 95

ನಿಯಮ ಮೂರೇ. ಹತ್ತುವ ಮೊದಲು ಏನಾಗುತ್ತದೆ ಎಂದು ಹೆದರಿದ್ದೀರೋ ಅದನ್ನು ಬರೆಯಿರಿ, ಇಳಿದ ಮೇಲೆ ನಿಜವಾಗಿ ಏನಾಯಿತು ಎಂದು ಬರೆಯಿರಿ. ನಡುವೆ ಓಡಿಹೋಗಬೇಡಿ. ಒಂದು ಮೆಟ್ಟಿಲನ್ನು ಒಂದೇ ಸಲಕ್ಕೆ ಬಿಡದೆ, ‘ಇದೆಂಥ ಬೋರ್’ ಅನಿಸುವಷ್ಟು ಸಲ ಮಾಡಿ. ಜ್ಯೋತಿಗೆ ನಾನು ಒಂದೇ ವಾರದಲ್ಲಿ ಒಂಬತ್ತು ಸಲ ಹೋಗಿ ಬಂದೆ. ಕಂಡಕ್ಟರ್ ಒಬ್ಬ ‘ನಿಮಗೆ ಅಲ್ಲಿ ಎಂತ ಕೆಲಸ?’ ಎಂದು ಕೇಳಿಯೇ ಬಿಟ್ಟ.

ನಾಲ್ಕನೆಯದೊಂದಿದೆ, ಅದನ್ನು ಥೆರಪಿಸ್ಟ್ ಕಂಡುಹಿಡಿಯಬೇಕಾಯಿತು. ಲಾಲ್‌ಬಾಗ್‌ವರೆಗೆ ಸಲೀಸಾಗಿ ಹೋಗುತ್ತಿದ್ದೆ, ಆದರೂ ಅಂಕ ಇಳಿಯುತ್ತಿರಲಿಲ್ಲ. ‘ಬ್ಯಾಗಿನಲ್ಲಿ ಏನಿರುತ್ತದೆ?’ ಎಂದು ಕೇಳಿದರು. ನೀರಿನ ಬಾಟಲಿ, ಒಂದು ಮಾತ್ರೆ, ಹಳೆಯ ಇಸಿಜಿ ಕಾಗದ. ಜೊತೆಗೆ ಹೆಂಡತಿಯ ನಂಬರ್ ಡಯಲ್ ಮಾಡಿ ಸಿದ್ಧವಾಗಿಟ್ಟ ಫೋನ್. ಇವೆಲ್ಲ ಊರುಗೋಲು. ‘ಬಾಟಲಿ ಇತ್ತು, ಅದಕ್ಕೆ ಬದುಕಿದೆ’ ಎಂದು ಮಂಡೆ ಹೇಳುತ್ತದೆ. ಒಂದೊಂದಾಗಿ ಬಿಡಬೇಕಾಯಿತು. ಇಸಿಜಿ ಕಾಗದ ಬಿಡಲು ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯಿತು, ನಗಬೇಡಿ. (ಡಾಕ್ಟರ್ ದಿನವೂ ತೆಗೆದುಕೊಳ್ಳಲು ಹೇಳಿದ ಮಾತ್ರೆಯ ಮಾತಲ್ಲ ಇದು. ಅದನ್ನು ಅವರನ್ನು ಕೇಳದೆ ನಿಲ್ಲಿಸಬಾರದು.)

ಎದೆ ಬಡಿತದ ಹೆದರಿಕೆಗೇ ಒಂದು ಅಭ್ಯಾಸವಿದೆ: ಬೇಕೆಂದೇ ಬಡಿತ ಹೆಚ್ಚಿಸಿಕೊಂಡು ನೋಡುವುದು. ಕದ್ರಿ ಕೆರೆಗಳ ಕಡೆ ಹೋಗುವ ಮೆಟ್ಟಿಲನ್ನು ಜೋರಾಗಿ ಹತ್ತಿ, ಮೇಲೆ ನಿಂತು, ಕೈ ನಾಡಿಗೆ ಹೋಗದ ಹಾಗೆ ಐದು ನಿಮಿಷ ಸುಮ್ಮನಿದ್ದೆ. ಹೃದಯದ ತೊಂದರೆ, ಅಸ್ತಮಾ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ನನ್ನ ಅಮ್ಮ ಇಷ್ಟರಲ್ಲಿ ಕಟೀಲು ದೇವಸ್ಥಾನಕ್ಕೆ ಹೂವಿನ ಪೂಜೆ ಹೇಳಿಕೊಂಡಿದ್ದರು. ಥೆರಪಿಸ್ಟ್ ಬೇಡ ಎನ್ನಬಹುದು ಎಂದು ಅಳುಕುತ್ತಲೇ ಹೇಳಿದೆ. ಅವರು ಕೇಳಿದ್ದು ಒಂದೇ: ‘ಬಸ್ಸಿನಲ್ಲಿ ಹೋಗ್ತೀರಾ?’ ಅದೂ ಏಣಿಗೆ ಸೇರಿತು, 65 ಅಂಕ.

ಖುಷಿಯೇ ಇಲ್ಲದವರಿಗೆ

ಹೆದರಿಕೆಯಲ್ಲ, ಬರೀ ಜಡ. ಏಳಲು ಮನಸ್ಸಿಲ್ಲ, ಮೀನಿನ ಸಾರೂ ರುಚಿಸುವುದಿಲ್ಲ. ಅಂಥವರಿಗೆ ಯೋಚನೆಯ ವಿಚಾರಣೆ ಮೊದಲು ಬೇಡ, ಕೆಲಸ ಮೊದಲು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾದರೆ ಅದು ಬರುವುದೇ ಇಲ್ಲ. ಮಾಡಿದ ಮೇಲೆ ಸ್ವಲ್ಪ ಬರುತ್ತದೆ.

ಮಲ್ಪೆಯಲ್ಲಿ ಬೋಟ್‌ಗೆ ಹೋಗುವ ಪರಿಚಯದವರೊಬ್ಬರಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಅಷ್ಟೂ ದಿನ ಅವರು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಅವರಿಗೆ ಕೊಟ್ಟ ಪಟ್ಟಿ ನೋಡಿ ನನಗೆ ಮೊದಲು ನಗು ಬಂತು: ಏಳು ಗಂಟೆಗೆ ಹಲ್ಲುಜ್ಜುವುದು, ಬೀಡಿಗೆ ಅಂಗಡಿಯವರೆಗೆ ನಡೆದು ಹೋಗುವುದು, ಬೈಕ್ ಬೇಡ, ದಿನಕ್ಕೆ ಅರ್ಧ ಗಂಟೆ ಬಲೆ ಹೆಣೆಯುವುದು. ಪ್ರತಿಯೊಂದಕ್ಕೂ ಹತ್ತಕ್ಕೆ ಎರಡು ಅಂಕ, ‘ಎಷ್ಟು ಖುಷಿ’ ಮತ್ತು ‘ಎಷ್ಟು ಸಾಧಿಸಿದ ಹಾಗಾಯಿತು’. ಮೊದಲ ವಾರ ಎಲ್ಲ ಸೊನ್ನೆ, ಒಂದು. ಮೂರನೇ ವಾರ ಬಲೆಗೆ ಆರು ಬಂತು, ಪಕ್ಕದ ಹುಡುಗ ಕಲಿಯಲು ಬಂದು ಕೂತಿದ್ದ. ಬೀಡಿ ಬಿಡಿಸಬೇಕಿತ್ತು ಎನ್ನುವವರಿಗೆ: ಒಂದು ಸಲಕ್ಕೆ ಒಂದು ಯುದ್ಧ ಸಾಕು.

ಯೋಚನೆ ನಿಲ್ಲದವರಿಗೆ

ದಿನವಿಡೀ ಚಿಂತೆ ಸುತ್ತುತ್ತಿದ್ದರೆ ಅದಕ್ಕೊಂದು ಹೊತ್ತು ಕೊಡಿ. ಸಂಜೆ ಆರರಿಂದ ಆರೂಕಾಲು, ಒಂದೇ ಕುರ್ಚಿ. ಬೆಳಿಗ್ಗೆ ಚಿಂತೆ ಬಂದರೆ ಒಂದು ಸಾಲು ಬರೆದು ‘ಸಂಜೆ ನೋಡುವ’ ಎಂದು ಮುಂದಕ್ಕೆ ಹಾಕಿ. ಆರಕ್ಕೆ ಕೂತು ಪಟ್ಟಿ ಓದಿ, ಕೈಲಾಗುವುದಿದ್ದರೆ ಮಾಡಬೇಕಾದ ಮೊದಲ ಕೆಲಸ ಬರೆಯಿರಿ. ಮಲಗುವ ಹೊತ್ತಿಗೆ ಮಾತ್ರ ಬೇಡ.

ಮನೆಯಲ್ಲಿ ಮಾಡಬಾರದ್ದು

ಕೈ ಎಷ್ಟು ತೊಳೆದರೂ ಸಾಲದು, ಗ್ಯಾಸ್ ಆಫ್ ಮಾಡಿದ್ದೇನಾ ಎಂದು ಹದಿನೈದು ಸಲ ನೋಡುವುದು, ದೇವರ ಕೋಣೆಯಲ್ಲಿ ಕೆಟ್ಟ ಯೋಚನೆ ಬಂತೆಂದು ಮತ್ತೆ ಮತ್ತೆ ಸ್ನಾನ. ಇದು ಒಸಿಡಿ, ಅಂದರೆ ಗೀಳಿನ ಕಾಯಿಲೆ, ಇರಬಹುದು. ಇದಕ್ಕೆ ಹೆಜ್ಜೆ 3 ತಿರುಗುಬಾಣ. ‘ಗ್ಯಾಸ್ ಆಫ್ ಆಗಿದೆ ಎನ್ನಲು ಸಾಕ್ಷಿ ಏನು?’ ಎಂದು ಬರೆಯುವುದೇ ಹದಿನಾರನೇ ಸಲ ನೋಡಿದ ಹಾಗೆ. ಇಲ್ಲಿ ಕೆಲಸ ಮಾಡುವುದು ಬೇರೆ ಬಗೆಯ ಸಿಬಿಟಿ: ಹೆದರಿಕೆ ಹುಟ್ಟಿಸುವ ವಸ್ತುವನ್ನು ಮುಟ್ಟಿ, ಆಮೇಲೆ ತೊಳೆಯದೆ ಇರುವುದು. ತರಬೇತಿ ಆದವರ ಜೊತೆಯೇ ಮಾಡಿ. ಹಳೆಯ ದೊಡ್ಡ ಆಘಾತ ಇರುವವರಿಗೂ ಇದೇ ಮಾತು.

ಯಾರ ಹತ್ತಿರ ಹೋಗುವುದು

ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಇವು ಸರ್ಕಾರಿ. ಮಣಿಪಾಲದ ಕೆಎಂಸಿಯಂಥ ಕಾಲೇಜು ಆಸ್ಪತ್ರೆಗಳಲ್ಲೂ ಮಾನಸಿಕ ರೋಗ ವಿಭಾಗ ಇದೆ. ಸೈಕಿಯಾಟ್ರಿಸ್ಟ್ ಎಂದರೆ ಮದ್ದು ಬರೆಯುವ ವೈದ್ಯರು. ಸಿಬಿಟಿ ಹೆಚ್ಚಾಗಿ ಮಾಡುವುದು ಕ್ಲಿನಿಕಲ್ ಸೈಕಾಲಜಿಸ್ಟ್. ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐಯ, ನೋಂದಣಿ ಇರಬೇಕು. ನಂಬರ್ ಕೇಳಿ, ಸಂಕೋಚ ಬೇಡ. ಮದ್ದು ಮತ್ತು ಸಿಬಿಟಿ ಒಟ್ಟಿಗೆ ನಡೆಯಬಹುದು. ಎಷ್ಟೋ ಜನರಿಗೆ ಎರಡೂ ಬೇಕು.

ಮೊದಲ ದಿನವೇ ಕೇಳಿ: ಎಷ್ಟು ಸಲ ಬರಬೇಕು? ಮನೆಗೆಲಸ ಕೊಡುತ್ತೀರಾ? ಸುಧಾರಣೆಯನ್ನು ಹೇಗೆ ಅಳೆಯುತ್ತೀರಿ? ಸಿಬಿಟಿ ಸಾಮಾನ್ಯವಾಗಿ ವಾರಕ್ಕೊಂದು ಸಲ, 45ರಿಂದ 60 ನಿಮಿಷ, ಒಟ್ಟು 12ರಿಂದ 20 ಸಲ. ನಾನು ಮೊದಲು ಹೋದ ಒಬ್ಬರು ಆರು ವಾರ ಬರೀ ಬಾಲ್ಯದ ಕಥೆ ಕೇಳಿದರು, ಒಂದು ದಿನವೂ ‘ಬಸ್ಸು ಹತ್ತಿದಿರಾ?’ ಎನ್ನಲಿಲ್ಲ. ಬಿಟ್ಟು ಬೇರೆಯವರ ಹತ್ತಿರ ಹೋದೆ. ನೀವೂ ಬದಲಿಸಬಹುದು.

ಮತ್ತೆ ಬಂದರೆ

ಬರುತ್ತದೆ. ಹೋದ ಮಳೆಗಾಲ ಮೂಲ್ಕಿ ದಾಟುವಾಗ ನನಗೆ ಮತ್ತೆ ಬಂತು, ಅದೇ ಜೋಮು, ಅದೇ ಡಬಡಬ. ಹೊಸದೇನೂ ಮಾಡಬೇಕಾಗಿಲ್ಲ. ನೋಟ್‌ಬುಕ್ ತೆಗೆದು, ಏಣಿಯಲ್ಲಿ ಎರಡು ಮೆಟ್ಟಿಲು ಕೆಳಗಿನಿಂದ ಶುರು ಮಾಡುವುದು. ನಾನು ಆ ಬಸ್ಸಿನಿಂದ ಇಳಿಯಲಿಲ್ಲ. ಉಡುಪಿಯಲ್ಲಿ ಇಳಿದ ಮೇಲೆ ಬರೆದದ್ದು ಈಗಲೂ ಇದೆ. ‘ಏನಾಗುತ್ತದೆ ಎಂದುಕೊಂಡೆ: ಪ್ರಜ್ಞೆ ತಪ್ಪಿ ಬೀಳುತ್ತೇನೆ, 60. ಏನಾಯಿತು: ಕಂಡಕ್ಟರ್ ಐದು ರೂಪಾಯಿ ಚಿಲ್ಲರೆ ಕೊಡಲಿಲ್ಲ.’